ಚೀನಾದಲ್ಲಿ ಸಹೋದ್ಯೋಗಿಗಳು ಕೆಟಿವಿಗೆ ಕರೆದಿದ್ದಾರೆ, ನನಗೆ ಹಾಡಲು ಬರುವುದಿಲ್ಲ. ಹೋಗಲೇ?

ಧೈರ್ಯವಾಗಿ ಹೋಗಿ. ಕೆಟಿವಿ ಅಂದರೆ ಅಲ್ಲಿನ ಕ್ಯಾರಿಯೋಕೆ. ಅಪರಿಚಿತರ ಮುಂದೆ ವೇದಿಕೆ ಹತ್ತಬೇಕಿಲ್ಲ. ನಿಮ್ಮ ಗುಂಪಿಗೇ ಒಂದು ಕೋಣೆ, ಗಂಟೆ ಲೆಕ್ಕದಲ್ಲಿ ಬಾಡಿಗೆ. ಸೋಫಾ, ಮೈಕು, ಹಣ್ಣಿನ ತಟ್ಟೆ, ಬಿಯರ್, ಆಡೋಕೆ ದಾಳ.

ನಾನು ಮೊದಲ ಸಲ ಮೂಲೆಯಲ್ಲೇ ಕೂತಿದ್ದೆ. ಆಫೀಸಿನಲ್ಲಿ ಮಾತೇ ಆಡದ ಒಬ್ಬರು ಕಣ್ಣು ಮುಚ್ಚಿ ಪ್ರೇಮಗೀತೆ ಹಾಡಿದರು. ಆಮೇಲೆ ಮೈಕು ನನ್ನ ಕೈಗೆ ಬಂತು. ಶ್ರುತಿ ತಪ್ಪಿದರೂ ಎಲ್ಲರೂ ಚಪ್ಪಾಳೆ ತಟ್ಟಿದರು. ಚೆನ್ನಾಗಿ ಹಾಡೋದಕ್ಕಿಂತ ಜೊತೆ ಸೇರೋದೇ ಅಲ್ಲಿ ಮುಖ್ಯ ಅಲ್ವಾ!

ಒಂದು ಚೀನೀ ಹಾಡು ಕಲಿತು ಹೋದರೆ ಅವರಿಗೆ ಜಾಸ್ತಿ ಖುಷಿ. ಪರದೆಯಲ್ಲಿ ಸಾಹಿತ್ಯ ಸಾಮಾನ್ಯವಾಗಿ ಚೀನೀ ಲಿಪಿಯಲ್ಲೇ ಇರುತ್ತದೆ. ಹಾಗಾಗಿ ಸಾಲುಗಳನ್ನು ಮೊಬೈಲಿನಲ್ಲಿ ಕನ್ನಡದಲ್ಲಿ ಬರೆದಿಟ್ಟುಕೊಳ್ಳಿ. ಹಾಡು ಹುಡುಕಲು ಅದರ ಹೆಸರಿನ ಪಿನ್‌ಯಿನ್ (ಚೀನೀ ಉಚ್ಚಾರವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಪದ್ಧತಿ) ಮೊದಲಕ್ಷರಗಳನ್ನು ಒತ್ತಿದರೆ ಸಾಕು.