ಲ್ಯಾಬಿನ ಕಂಪ್ಯೂಟರುಗಳಿಗೆ ಸ್ಲೀಪ್ ಹಾಕಿದರೆ ಕರೆಂಟ್ ಉಳಿಯುತ್ತದೆಯೇ? ಕೊಡಗಿನ ಮಳೆಗಾಲದಲ್ಲಿ ಹಾಕಬಹುದೇ?

ನೀವು ಕೇಳಿದ್ದು ಇಷ್ಟು: ವಿರಾಜಪೇಟೆ ಕಡೆಯ ಕಾಲೇಜು, 60 ಕಂಪ್ಯೂಟರಿನ ಲ್ಯಾಬು, ಸಂಜೆ ಬಾಗಿಲು ಹಾಕುವಾಗ 40 ಆದರೂ ಆನ್ ಆಗಿಯೇ ಉಳಿಯುತ್ತವೆ. ಪವರ್ ಸೆಟ್ಟಿಂಗ್ ಬದಲಾಯಿಸಿದರೆ ಬಿಲ್ಲು ಇಳಿಯುತ್ತದೆಯೇ, ಕರೆಂಟ್ ಹೋಗಿ ಬಂದು ಮಾಡುವ ಊರಿನಲ್ಲಿ ಸ್ಲೀಪ್ (ತೆರೆದ ಕೆಲಸ ಹಾಗೇ ಇಟ್ಟು ಯಂತ್ರವನ್ನು ಕಡಿಮೆ ಕರೆಂಟಿನಲ್ಲಿ ಮಲಗಿಸುವುದು) ನಂಬಬಹುದೇ?

ಬಿಲ್ಲು ಖಂಡಿತ ಇಳಿಯುತ್ತದೆ. ನಾನು ಕೊಡಗಿನದೇ ಒಂದು ಕ್ಯಾಂಪಸ್ಸಿನಲ್ಲಿ ಒಂಬತ್ತು ವರ್ಷದಿಂದ ಲ್ಯಾಬ್ ನೋಡಿಕೊಳ್ಳುತ್ತಿದ್ದೇನೆ. ಪ್ಲಗ್ಗಿಗೆ ಸಿಕ್ಕಿಸುವ ಮೀಟರ್ ತಂದು ಅಳೆದಾಗ ನಮ್ಮ ಡೆಸ್ಕ್‌ಟಾಪ್ ಸುಮ್ಮನೆ ಆನ್ ಇದ್ದರೆ 42 ವ್ಯಾಟ್, ಮಾನಿಟರ್ 18 ವ್ಯಾಟ್ ತೋರಿಸಿತು. ಸ್ಲೀಪ್‌ಗೆ ಹೋದರೆ ಎರಡೂ ಸೇರಿ 3 ವ್ಯಾಟ್. ನಿಮ್ಮ 40 ಯಂತ್ರಗಳಿಗೂ ಹೀಗೇ ಎಂದಿಟ್ಟುಕೊಳ್ಳಿ: ಸಂಜೆ ಐದರಿಂದ ಬೆಳಿಗ್ಗೆ ಒಂಬತ್ತರವರೆಗೆ 16 ಗಂಟೆಗೆ 38 ಯೂನಿಟ್. ಸ್ಲೀಪ್‌ನಲ್ಲಿ ಎರಡು ಯೂನಿಟ್ಟೂ ಆಗುವುದಿಲ್ಲ. 25 ರಾತ್ರಿಗೆ ಸುಮಾರು 900 ಯೂನಿಟ್ ಉಳಿತಾಯ. ಸೆಸ್ಕ್ (ನಮ್ಮ ಕಡೆಯ ವಿದ್ಯುತ್ ಕಂಪನಿ) ಬಿಲ್ಲಿನಲ್ಲಿರುವ ನಿಮ್ಮ ದರದಿಂದ ಗುಣಿಸಿ ಪ್ರಿನ್ಸಿಪಾಲರಿಗೆ ತೋರಿಸಿ. ನಮ್ಮ ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್ಟಿಗೆ ಸರಿಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಎಂಬ ಲೆಕ್ಕವಿದೆ, ಅದನ್ನೂ ಸೇರಿಸಿ ಹೇಳಿ.

ಸ್ಕ್ರೀನ್ ಸೇವರ್ ಇದೆಯಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅದು ಹಳೆಯ ದಪ್ಪ ಮಾನಿಟರುಗಳ ಪರದೆಯ ಮೇಲೆ ಅಚ್ಚು ಉಳಿಯದಿರಲಿ ಎಂದು ಬಂದದ್ದು. ಈಗಿನ ಎಲ್‌ಸಿಡಿಯಲ್ಲಿ ಅದು ಓಡುತ್ತಿದ್ದರೆ ಹಿಂದಿನ ದೀಪ ಉರಿಯುತ್ತಲೇ ಇರುತ್ತದೆ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ನನ್ನ ಮಟ್ಟಿಗೆ ಅದೇ ಮುಖ್ಯ. ಮೊದಲ ವರ್ಷ ನಾನು ಎಲ್ಲ ಯಂತ್ರಗಳಿಗೂ 15 ನಿಮಿಷಕ್ಕೆ ಸ್ಲೀಪ್ ಇಟ್ಟೆ. ಜುಲೈ ತಿಂಗಳು, ಬಿಡದ ಮಳೆ. ಎಂ.ಕಾಂ. ಓದುತ್ತಿದ್ದ ಒಬ್ಬ ಹುಡುಗಿ ಪ್ರಾಜೆಕ್ಟ್ ವರದಿಯನ್ನು ಸೇವ್ ಮಾಡದೆ ತೆರೆದಿಟ್ಟು ಹಾಸ್ಟೆಲಿಗೆ ಊಟಕ್ಕೆ ಹೋದಳು. ಯಂತ್ರ ಸ್ಲೀಪ್‌ಗೆ ಹೋಯಿತು. ರಾತ್ರಿ ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋಯಿತು. ಯಾರೋ ಸ್ಲೀಪ್ ತೆಗೆದುಹಾಕಿದ್ದ ಇಪ್ಪತ್ತು ಕಂಪ್ಯೂಟರುಗಳು ಖಾಲಿ ಕೋಣೆಯಲ್ಲಿ ಯುಪಿಎಸ್ ಬ್ಯಾಟರಿಯನ್ನು ಕುಡಿದು ಮುಗಿಸಿದವು. ಬೆಳಿಗ್ಗೆ ಅವಳ ಇಡೀ ದಿನದ ಕೆಲಸ ಇರಲಿಲ್ಲ. ಆ ಹುಡುಗಿಯ ಮುಖ ನನಗೆ ಇವತ್ತಿಗೂ ಮರೆತಿಲ್ಲ. ವಾರದೊಳಗೆ ಅರ್ಧ ಲ್ಯಾಬಿನಲ್ಲಿ ಸ್ಲೀಪ್ ಆಫ್ ಆಗಿತ್ತು. ತೆಗೆದವರ ತಪ್ಪೇನೂ ಇಲ್ಲ. ಒಮ್ಮೆ ಕೆಲಸ ಕಳೆದುಕೊಂಡವರು ಆ ಸೆಟ್ಟಿಂಗನ್ನು ಮತ್ತೆ ನಂಬುವುದಿಲ್ಲ.

ಸ್ಲೀಪ್‌ನಲ್ಲಿ ಕೆಲಸವೆಲ್ಲ ಕಂಪ್ಯೂಟರಿನ ತಾತ್ಕಾಲಿಕ ನೆನಪಾದ ರ‍್ಯಾಮ್‌ನಲ್ಲಿರುತ್ತದೆ, ಕರೆಂಟ್ ಪೂರ್ತಿ ಹೋದರೆ ಅಳಿದುಹೋಗುತ್ತದೆ. ಅದಕ್ಕೇ ವಿಂಡೋಸ್‌ನಲ್ಲಿ ಹೈಬ್ರಿಡ್ ಸ್ಲೀಪ್ ಇದೆ: ಮಲಗುವ ಮೊದಲು ಅದೇ ಮಾಹಿತಿಯ ಒಂದು ಪ್ರತಿಯನ್ನು ಡಿಸ್ಕಿಗೂ ಬರೆದಿಡುತ್ತದೆ. ಕರೆಂಟ್ ಇದ್ದರೆ ಕೂಡಲೇ ಏಳುತ್ತದೆ, ಎರಡು ದಿನ ಕರೆಂಟ್ ಇಲ್ಲದಿದ್ದರೂ ಆನ್ ಮಾಡಿದಾಗ ಡಿಸ್ಕಿನಿಂದ ಎಲ್ಲವನ್ನೂ ತೆರೆದಿಟ್ಟ ಹಾಗೇ ವಾಪಸ್ ತರುತ್ತದೆ. ನಮ್ಮಲ್ಲಿ ಅದು ಯಾಕೆ ಕೆಲಸ ಮಾಡಲಿಲ್ಲ ಎಂದು ಹುಡುಕಿದಾಗ ಗೊತ್ತಾಯಿತು: ಡಿಸ್ಕಿನಲ್ಲಿ ಜಾಗ ಉಳಿಸಲೆಂದು ಇನ್‌ಸ್ಟಾಲ್ ಮಾಡಿದವರು ಹೈಬರ್ನೇಟನ್ನೇ (ಕೆಲಸವನ್ನು ಡಿಸ್ಕಿಗೆ ಬರೆದಿಟ್ಟು ಯಂತ್ರ ಪೂರ್ತಿ ಆರುವ ವ್ಯವಸ್ಥೆ) ಆಫ್ ಮಾಡಿದ್ದರು. ಹೈಬರ್ನೇಟ್ ಇಲ್ಲದಿದ್ದರೆ ಹೈಬ್ರಿಡ್ ಸ್ಲೀಪ್ ಕೂಡ ಇರುವುದಿಲ್ಲ. ಅದನ್ನು ಆನ್ ಮಾಡಿದ ಮೇಲೆ ಮೇನ್ ಸ್ವಿಚ್ ತೆಗೆದು ಎಲ್ಲರ ಎದುರೇ ತೋರಿಸಿದೆ. ಆಮೇಲೆ ಸ್ಲೀಪ್ ತೆಗೆಯುವವರು ಕಡಿಮೆಯಾದರು. ನೀವೂ ಹಾಗೆ ತೋರಿಸಿಯೇ ಶುರುಮಾಡಿ.

ಮಾನಿಟರ್ 5 ನಿಮಿಷಕ್ಕೆ, ಸ್ಲೀಪ್ 30 ನಿಮಿಷಕ್ಕೆ ಇಟ್ಟರೆ ಸಾಕು. 15 ನಿಮಿಷ ಎಂದರೆ ಮೇಷ್ಟ್ರು ಬೋರ್ಡಿನ ಹತ್ತಿರ ಪಾಠ ಮಾಡುತ್ತಿರುವಾಗಲೇ ಮಲಗಿಬಿಡುತ್ತದೆ. ಪ್ರೊಜೆಕ್ಟರಿಗೆ ಜೋಡಿಸಿದ್ದು, ಸರ್ವರ್, ಸಿಸಿಟಿವಿ ರೆಕಾರ್ಡರ್ ಬಿಟ್ಟುಬಿಡಿ. 60ಕ್ಕೂ ಒಂದೊಂದಾಗಿ ಕೂತು ಮಾಡಬೇಡಿ, ಡೊಮೇನ್ (ಎಲ್ಲ ಯಂತ್ರಗಳನ್ನೂ ಒಂದು ಸರ್ವರಿನಿಂದ ನೋಡಿಕೊಳ್ಳುವ ವ್ಯವಸ್ಥೆ) ಇದ್ದರೆ ಅದರ ಗ್ರೂಪ್ ಪಾಲಿಸಿ ಸೆಟ್ಟಿಂಗಿನಿಂದ ಒಂದೇ ಸಲ ಹೋಗುತ್ತದೆ. ಯಾವುದಾದರೂ ಯಂತ್ರ ಮಲಗುವುದೇ ಇಲ್ಲವೆಂದರೆ ಅಡ್ಮಿನ್ ಕಮಾಂಡ್ ಪ್ರಾಂಪ್ಟಿನಲ್ಲಿ ಪವರ್‌ಸಿಎಫ್‌ಜಿ ಸ್ಲ್ಯಾಶ್ ರಿಕ್ವೆಸ್ಟ್ಸ್ (powercfg /requests) ಕೊಡಿ, ತಡೆಯುತ್ತಿರುವುದು ಯಾವುದೆಂದು ಹೇಳುತ್ತದೆ.

ಮಳೆಗಾಲದಲ್ಲಿ ಯುಪಿಎಸ್ ಮತ್ತು ಜನರೇಟರ್ ಕಡೆ ಉಳಿಯುವುದು ಬಿಲ್ಲಿನಲ್ಲಿ ಕಾಣುವುದಿಲ್ಲ, ಆದರೆ ಕಡಿಮೆಯೇನಲ್ಲ. ಯಾರೂ ಕೂರದ ಕಂಪ್ಯೂಟರಿಗೆ ಡೀಸೆಲ್ ಸುಡುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ನಿಮ್ಮ ಅಟೆಂಡರ್ ಒಬ್ಬರು "ಬಿಸಿ ಇರಲಿ, ಇಲ್ಲದಿದ್ರೆ ತೇವ ಹಿಡಿಯುತ್ತೆ" ಎಂದು ಆನ್ ಇಡುತ್ತಾರೆ ಅಂತಲೂ ಬರೆದಿದ್ದೀರಿ. ಅವರ ಮಾತನ್ನು ತಳ್ಳಿಹಾಕಬೇಡಿ. ಕಕ್ಕಡದಲ್ಲಿ (ಜುಲೈ–ಆಗಸ್ಟಿನ ಜೋರು ಮಳೆಯ ಕೊಡವ ತಿಂಗಳು) ಚಪ್ಪಲಿ, ಬೆಲ್ಟಿಗೂ ಬೂಷ್ಟು ಹಿಡಿಯುವ ಊರು ನಮ್ಮದು. ಆದರೆ ದಿನಾ ಹಗಲು ನಾಲ್ಕೈದು ಗಂಟೆ ಓಡುವ ಯಂತ್ರದ ಒಳಗೆ ಬೇಕಾದಷ್ಟು ಬಿಸಿಯಾಗುತ್ತದೆ. ರಜೆಯಲ್ಲಿ ಎರಡು ಮೂರು ದಿನಕ್ಕೊಮ್ಮೆ ಒಂದು ಗಂಟೆ ಆನ್ ಮಾಡಿದರೆ ಆಯಿತು. ನಾವು ಹಾಗೇ ಮಾಡುತ್ತಿದ್ದೇವೆ. ಗೋಡೆಗೆ ತಾಗಿಸಿ ಇಡಬೇಡಿ, ನೀರು ಜಿನುಗುವುದು ಅಲ್ಲಿಂದಲೇ. ಏಪ್ರಿಲ್–ಮೇ ಗುಡುಗು ಸಿಡಿಲಿನ ದಿನಗಳಲ್ಲಿ ಮಾತ್ರ ಸ್ಲೀಪ್ ಸಾಲದು: ಶಟ್‌ಡೌನ್ ಮಾಡಿ ಪ್ಲಗ್ಗನ್ನೇ ಕೀಳಿ, ನೆಟ್‌ವರ್ಕ್ ಕೇಬಲ್ ಕೂಡ.

ನಾಳೆ ಒಂದು ಯಂತ್ರದಲ್ಲಿ ಪವರ್‌ಸಿಎಫ್‌ಜಿ ಸ್ಲ್ಯಾಶ್ ಎ (powercfg /a) ಕೊಟ್ಟು ನೋಡಿ. ಹೈಬ್ರಿಡ್ ಸ್ಲೀಪ್ ಲಭ್ಯವಿಲ್ಲ ಎಂದು ಬಂದರೆ ಕಾರಣವೂ ಅಲ್ಲೇ ಇರುತ್ತದೆ. ಹೈಬರ್ನೇಟ್ ಆಫ್ ಆಗಿದ್ದರೆ ಆನ್ ಮಾಡಿ. ಹೊಸ ಮಾದರಿಯ ಯಂತ್ರವಾಗಿ ಮಾಡರ್ನ್ ಸ್ಟ್ಯಾಂಡ್‌ಬೈ (ಹಳೆಯ ಸ್ಲೀಪಿನ ಬದಲು ಬಂದ, ಹೈಬ್ರಿಡ್ ಸ್ಲೀಪ್ ಇಲ್ಲದ ಬಗೆ) ಇದ್ದರೆ ಅರ್ಧ ಗಂಟೆಗೆ ನೇರ ಹೈಬರ್ನೇಟ್ ಇಡಿ. ಬಂದ ಸಾಲುಗಳನ್ನು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.