ವರ್ಕ್ ಫ್ರಮ್ ಹೋಮ್ ಕೆಲಸಕ್ಕೆ ಮೊದಲು ತರಬೇತಿ ಶುಲ್ಕ ಕಟ್ಟಿ ಎನ್ನುತ್ತಿದ್ದಾರೆ. ನಂಬಬಹುದೇ?

ಖಂಡಿತ ಬೇಡ, ಒಂದು ರೂಪಾಯಿಯನ್ನೂ ಕಟ್ಟಬೇಡಿ. ಕೆಲಸ ಕೊಡುವವರು ಸಂಬಳ ಕೊಡಬೇಕೇ ಹೊರತು ನಿಮ್ಮಿಂದಲೇ ದುಡ್ಡು ಕೇಳಬಾರದು.

ವಾಟ್ಸ್‌ಆ್ಯಪ್‌ನಲ್ಲೋ ಟೆಲಿಗ್ರಾಂನಲ್ಲೋ ನಾಲ್ಕು ಪ್ರಶ್ನೆ ಕೇಳಿ ‘ಸೆಲೆಕ್ಟ್ ಆಗಿದ್ದೀರಿ’ ಎನ್ನುತ್ತಾರೆ. ದೊಡ್ಡ ಕಂಪನಿಯ ಲೋಗೊ ಇರುವ ಆಫರ್ ಲೆಟರ್ ಬರುತ್ತದೆ, ಆದರೆ ಜಿಮೇಲ್ ವಿಳಾಸದಿಂದ. ಮೊದಲು ತರಬೇತಿಗೆಂದು ಸಣ್ಣ ಮೊತ್ತ, ‘ಮೊದಲ ಸಂಬಳದ ಜೊತೆ ವಾಪಸ್’ ಎಂಬ ಭರವಸೆ. ಅದನ್ನು ಕಟ್ಟಿದರೆ ಲ್ಯಾಪ್‌ಟಾಪ್ ಡಿಪಾಸಿಟ್, ಐಡಿ ಕಾರ್ಡ್ ಅಂತ ಒಂದರ ಹಿಂದೊಂದು ಶುರು. ಯುಪಿಐನಲ್ಲಿ ಹಣ ಹಾಕುವ ಮುನ್ನ ತೋರಿಸುವ ಹೆಸರು ನೋಡಿ: ಹೆಚ್ಚಾಗಿ ಕಂಪನಿಯದಲ್ಲ, ಯಾರೋ ವ್ಯಕ್ತಿಯದು.

ಡೇಟಾ ಎಂಟ್ರಿ ಹೆಸರಿನ ವಂಚನೆ ಇನ್ನೂ ಕ್ರೂರ. ಆನ್‌ಲೈನ್ ಅಗ್ರಿಮೆಂಟಿಗೆ ಸಹಿ ಹಾಕಿಸಿಕೊಂಡು, ಆಮೇಲೆ ‘ನಿಮ್ಮ ಕೆಲಸದಲ್ಲಿ ತಪ್ಪು ಜಾಸ್ತಿ, ದಂಡ ಕಟ್ಟಿ, ಇಲ್ಲದಿದ್ದರೆ ಕೋರ್ಟಿಗೆ ಬನ್ನಿ’ ಎಂದು ವಕೀಲರ ನೋಟಿಸ್ ಕಳಿಸುತ್ತಾರೆ. ಎಷ್ಟೋ ಗೃಹಿಣಿಯರು, ವಿದ್ಯಾರ್ಥಿಗಳು ಮನೆಯವರಿಗೂ ಹೇಳದೆ ಹೆದರಿ ಕಟ್ಟಿಬಿಡುತ್ತಾರೆ, ಅದು ನಿಜಕ್ಕೂ ಸಂಕಟದ ವಿಷಯ. ಅಂಥ ಬೆದರಿಕೆಗೆ ಮಣಿಯಬೇಡಿ, ಅದನ್ನೂ ಪೊಲೀಸರಿಗೆ ತೋರಿಸಿ.

ಈಗಾಗಲೇ ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ವಂಚಕರ ಖಾತೆಯಲ್ಲೇ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಚಾಟ್, ಪಾವತಿಯ ಯುಟಿಆರ್ ನಂಬರ್ (ಆ ವಹಿವಾಟಿನ ಗುರುತಿನ ಸಂಖ್ಯೆ) ಯಾವುದನ್ನೂ ಅಳಿಸಬೇಡಿ.