ಫೈನಲ್ಲೇ ಇಲ್ಲದ ಲೀಗ್: ಬುಂಡೆಸ್‌ಲೀಗಾ ಬಗ್ಗೆ ನಿಮ್ಮ ಪ್ರಶ್ನೆಗಳು

ಪ್ರಶ್ನೆ: ಜರ್ಮನಿ 1954ರಲ್ಲೇ ಫುಟ್‌ಬಾಲ್ ವಿಶ್ವಕಪ್ ಗೆದ್ದಿತ್ತು. ಆದರೆ ಅಲ್ಲಿನ ದೊಡ್ಡ ಫುಟ್‌ಬಾಲ್ ಲೀಗ್ ಬುಂಡೆಸ್‌ಲೀಗಾ ಶುರುವಾಗಿದ್ದು 1963ರಲ್ಲಿ ಅಂತ ಓದಿದೆ. ಇಷ್ಟು ತಡ ಯಾಕೆ? ಅದಕ್ಕೂ ಮುಂಚೆ ಏನಿತ್ತು?

ಉತ್ತರ: ಚಾಂಪಿಯನ್ ಪಟ್ಟ ಇತ್ತು, ದೇಶಕ್ಕೆಲ್ಲ ಒಂದೇ ಲೀಗ್ ಇರಲಿಲ್ಲ. ಮೊದಲ ಚಾಂಪಿಯನ್ ವಿಎಫ್‌ಬಿ ಲೈಪ್‌ಜಿಗ್, 1903ರಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಪಶ್ಚಿಮ ಜರ್ಮನಿಯಲ್ಲಿ ಐದು ಪ್ರಾದೇಶಿಕ ಲೀಗ್‌ಗಳಿದ್ದವು. ಅವಕ್ಕೆ ಒಬರ್‌ಲೀಗಾ ಅಂತ ಹೆಸರು. ಅಲ್ಲಿ ಮೇಲೆ ಬಂದ ತಂಡಗಳು ಆಮೇಲೆ ತಮ್ಮತಮ್ಮಲ್ಲೇ ಆಡಿ ಫೈನಲ್ ಮುಟ್ಟುತ್ತಿದ್ದವು. ಅಂಥ ಕೊನೆಯ ಫೈನಲ್ 1963ರಲ್ಲಿ ನಡೆಯಿತು. ಡಾರ್ಟ್‌ಮುಂಡ್ 3-1ರಿಂದ ಕೊಲೋನ್ ತಂಡವನ್ನು ಸೋಲಿಸಿತು.

ತಡವಾಗಿದ್ದಕ್ಕೆ ಮುಖ್ಯ ಕಾರಣ ದುಡ್ಡಿನ ಬಗ್ಗೆ ಇದ್ದ ಮುಜುಗರ. ಆಟ ಅಂದರೆ ಹವ್ಯಾಸ, ಅದಕ್ಕೆ ಸಂಬಳ ಯಾಕೆ ಅನ್ನುವವರು ಫುಟ್‌ಬಾಲ್ ಸಂಸ್ಥೆಯಲ್ಲಿ ಬಹಳ ಜನ ಇದ್ದರು. ಅಷ್ಟರಲ್ಲಿ ಒಳ್ಳೆಯ ಆಟಗಾರರು ಇಟಲಿಯ ಕಡೆ ಹೊರಟರು. ಹೆಲ್ಮುಟ್ ಹಾಲರ್ 1962ರಲ್ಲಿ ಬೊಲೋನ್ಯಾ ಸೇರಿದರು. ಅದೇ ವರ್ಷ ಚಿಲಿಯ ವಿಶ್ವಕಪ್‌ನಲ್ಲಿ ಜರ್ಮನಿ ಕ್ವಾರ್ಟರ್ ಫೈನಲ್‌ನಲ್ಲೇ ಯುಗೊಸ್ಲಾವಿಯಾಕ್ಕೆ ಸೋತಿತು. ಆಗ ಬಿಸಿ ಮುಟ್ಟಿತು. 1962ರ ಜುಲೈ 28ರಂದು ಡಾರ್ಟ್‌ಮುಂಡ್‌ನಲ್ಲಿ ಸಭೆ ಸೇರಿ ಮತ ಹಾಕಿದರು. ಲೀಗ್ ಬೇಕು ಅಂದವರು 103, ಬೇಡ ಅಂದವರು 26.

ಜಾಗ 16, ಅರ್ಜಿ 46. ಒಂದು ಊರಿನಿಂದ ಎರಡು ತಂಡ ಬೇಡ ಅಂದುಕೊಂಡಿದ್ದರಿಂದ ಮ್ಯೂನಿಕ್‌ನಲ್ಲಿ '1860' ಅನ್ನುವ ಹೆಸರಿನ ತಂಡಕ್ಕೆ ಸೀಟು ಸಿಕ್ಕಿತು, ಬಯರ್ನ್‌ಗೆ ಸಿಗಲಿಲ್ಲ. ಹೌದು, ಇವತ್ತು ಜರ್ಮನಿಯ ಅತಿ ದೊಡ್ಡ ತಂಡ ಅನಿಸಿಕೊಂಡಿರುವ ಅದೇ ಬಯರ್ನ್! ಅವರು ಒಳಗೆ ಬಂದಿದ್ದು 1965ರಲ್ಲಿ.

1963ರ ಆಗಸ್ಟ್ 24ರಂದು ಆಟ ಶುರು. ಮೊದಲ ನಿಮಿಷದಲ್ಲೇ ಡಾರ್ಟ್‌ಮುಂಡ್‌ನ ಟಿಮೊ ಕೊನಿಯೆಟ್ಸ್‌ಕಾ ಬ್ರೆಮೆನ್ ವಿರುದ್ಧ ಗೋಲು ಹೊಡೆದರು. ಬುಂಡೆಸ್‌ಲೀಗಾದ ಮೊಟ್ಟಮೊದಲ ಗೋಲು ಅದು. ಅದರದ್ದು ಒಂದು ಫೋಟೋ ಕೂಡ ಇಲ್ಲ. ಆ ಪಂದ್ಯವನ್ನು ಡಾರ್ಟ್‌ಮುಂಡ್ 3-2ರಿಂದ ಸೋತಿತು ಅನ್ನೋದು ಬೇರೆ ಮಾತು.

ಪ್ರಶ್ನೆ: ಇಂಗ್ಲೆಂಡ್, ಸ್ಪೇನ್, ಇಟಲಿಯಲ್ಲಿ 20 ತಂಡ ಇವೆ. ಜರ್ಮನಿಯಲ್ಲಿ ಮಾತ್ರ 18 ಯಾಕೆ?

ಉತ್ತರ: ಬಹಳ ಲೆಕ್ಕ ಹಾಕಿ 18 ಇಟ್ಟಿದ್ದಾರೆ ಅಂತ ಅನಿಸುತ್ತದೆ, ಅಲ್ವಾ? ನಿಜ ಹೇಳಬೇಕೆಂದರೆ ಅದು ಒಂದು ರಗಳೆ ಮುಚ್ಚಲು ಹಾಕಿದ ತೇಪೆ.

ಶುರುವಿನಲ್ಲಿ ಆಟಗಾರನ ತಿಂಗಳ ಗಳಿಕೆಗೆ 1,200 ಮಾರ್ಕ್ (ಆಗಿನ ಜರ್ಮನ್ ಹಣ) ಮಿತಿ ಇತ್ತು. ಕ್ಲಬ್‌ಗಳು ಮೇಜಿನ ಕೆಳಗಿನಿಂದ ಜಾಸ್ತಿ ಕೊಡುತ್ತಿದ್ದವು. 1965ರಲ್ಲಿ ಹೆರ್ತಾ ಬರ್ಲಿನ್ ಸಿಕ್ಕಿಬಿತ್ತು, ಲೈಸೆನ್ಸ್ ಕಳೆದುಕೊಂಡಿತು. ಆಗ ಕೊನೆಯ ಸ್ಥಾನಗಳಲ್ಲಿ ಮುಗಿಸಿ ಕೆಳಗಿನ ದರ್ಜೆಗೆ ಇಳಿಯಬೇಕಿದ್ದ ಕಾರ್ಲ್ಸ್‌ರೂಹೆ ಮತ್ತು ಶಾಲ್ಕೆ, ಹಾಗಾದರೆ ನಮ್ಮನ್ನು ಉಳಿಸಿ ಅಂತ ಪಟ್ಟು ಹಿಡಿದವು. ಇನ್ನೊಂದು ಕಡೆ ರಾಜಕೀಯ. ಬರ್ಲಿನ್ ಗೋಡೆ ಎದ್ದು ಇನ್ನೂ ನಾಲ್ಕು ವರ್ಷ. ಪಶ್ಚಿಮ ಬರ್ಲಿನ್‌ನ ತಂಡವೇ ಇಲ್ಲದ ಲೀಗ್ ಬೇಡ ಅಂತ ಒತ್ತಡ. ಕೊನೆಗೆ ಎಲ್ಲರನ್ನೂ ಸಮಾಧಾನ ಮಾಡಲು 16 ಇದ್ದದ್ದನ್ನು 18 ಮಾಡಿದರು. ಬರ್ಲಿನ್ ಜಾಗಕ್ಕೆ ಟಾಸ್ಮೇನಿಯಾ ಅನ್ನುವ ಸಣ್ಣ ಕ್ಲಬ್ಬನ್ನು ಕರೆತಂದರು. ಅದರ ಆಟಗಾರರು ಆಗ ರಜೆಯಲ್ಲಿದ್ದರು!

ಪಾಪ, ಆ ತಂಡದ ಗತಿ ಕೇಳಬೇಡಿ. 34 ಪಂದ್ಯದಲ್ಲಿ ಗೆದ್ದಿದ್ದು 2, ಸೋತಿದ್ದು 28. ಹೊಡೆದ ಗೋಲು 15, ತಿಂದ ಗೋಲು 108. 1966ರ ಜನವರಿಯಲ್ಲಿ ಗ್ಲಾಡ್‌ಬಾಖ್ ವಿರುದ್ಧದ ಪಂದ್ಯಕ್ಕೆ ಅಷ್ಟು ದೊಡ್ಡ ಒಲಿಂಪಿಕ್ ಸ್ಟೇಡಿಯಂನಲ್ಲಿ ಇದ್ದ ಪ್ರೇಕ್ಷಕರು 827. ಈಗಲೂ ಯಾವುದಾದರೂ ತಂಡ ಸತತವಾಗಿ ಸೋತರೆ ಜರ್ಮನ್ ಪತ್ರಿಕೆಗಳು ಟಾಸ್ಮೇನಿಯಾದ ಹೆಸರು ಎತ್ತುತ್ತವೆ.

ಆ 18 ಮಾತ್ರ ಹಾಗೇ ಉಳಿಯಿತು. ಜರ್ಮನಿ ಒಂದಾದ ಮೇಲೆ ಪೂರ್ವದಿಂದ ಹಾನ್ಸಾ ರೋಸ್ಟಾಕ್, ಡೈನಮೊ ಡ್ರೆಸ್ಡೆನ್ ಬಂದಾಗ 1991-92ರಲ್ಲಿ ಒಂದೇ ಒಂದು ಸಲ 20 ಮಾಡಿದರು. ಮರುವರ್ಷವೇ ವಾಪಸ್ 18.

ಪ್ರಶ್ನೆ: ಫೈನಲ್ ಇಲ್ಲ ಅಂದಮೇಲೆ ಇಬ್ಬರ ಪಾಯಿಂಟ್ ಸಮ ಆದರೆ ಏನು ಮಾಡುತ್ತಾರೆ?

ಉತ್ತರ: ಪ್ರತಿ ತಂಡ ಉಳಿದ 17 ತಂಡಗಳ ಜೊತೆ ಎರಡು ಸಲ ಆಡುತ್ತದೆ: ಒಮ್ಮೆ ತನ್ನ ಮೈದಾನದಲ್ಲಿ, ಒಮ್ಮೆ ಅವರ ಮೈದಾನದಲ್ಲಿ. ಒಟ್ಟು 34. ಗೆದ್ದರೆ 3 ಪಾಯಿಂಟ್ (1995ರವರೆಗೆ 2 ಇತ್ತು), ಡ್ರಾ ಆದರೆ 1. ಪಾಯಿಂಟ್ ಸಮ ಆದರೆ ಮೊದಲು ಗೋಲುಗಳ ವ್ಯತ್ಯಾಸ (ಹೊಡೆದದ್ದರಲ್ಲಿ ತಿಂದದ್ದು ಕಳೆದರೆ ಉಳಿಯುವುದು) ನೋಡುತ್ತಾರೆ. ಅದೂ ಸಮ ಆದರೆ ಯಾರು ಜಾಸ್ತಿ ಗೋಲು ಹೊಡೆದರು ಅಂತ. ಅಲ್ಲಿಗೂ ಬಗೆಹರಿಯದಿದ್ದರೆ ಮಾತ್ರ ಆ ಎರಡು ತಂಡಗಳ ನಡುವಿನ ಫಲಿತಾಂಶ.

ಕೇಳೋಕೆ ಬರೀ ಲೆಕ್ಕ. 1978ರ ಕೊನೆಯ ದಿನ ನೋಡಿ. ಕೊಲೋನ್ ಮತ್ತು ಗ್ಲಾಡ್‌ಬಾಖ್ ಪಾಯಿಂಟ್ ಸಮ. ಗೋಲು ವ್ಯತ್ಯಾಸದಲ್ಲಿ ಕೊಲೋನ್ 10 ಮುಂದೆ. ಇದನ್ನು ದಾಟೋರು ಯಾರು ಅಂತ ಎಲ್ಲರೂ ಸುಮ್ನಿದ್ದರು. ಗ್ಲಾಡ್‌ಬಾಖ್ ಮಧ್ಯಂತರದ ಹೊತ್ತಿಗೇ 6-0! ಪಂದ್ಯ ಮುಗಿದಾಗ ಡಾರ್ಟ್‌ಮುಂಡ್ ವಿರುದ್ಧ 12-0. ಯುಪ್ ಹೈಂಕೆಸ್ ಒಬ್ಬರೇ ಐದು ಹೊಡೆದರು. ಆದರೆ ಅತ್ತ ಕೊಲೋನ್ ಕೂಡ ಸುಮ್ಮನೆ ಕೂರಲಿಲ್ಲ, ಸೇಂಟ್ ಪೌಲಿ ವಿರುದ್ಧ 5-0 ಗೆದ್ದಿತು. ಮೂರೇ ಗೋಲಿನ ಅಂತರದಲ್ಲಿ ಪಟ್ಟ ಕೊಲೋನ್‌ಗೆ. ಡಾರ್ಟ್‌ಮುಂಡ್‌ನ ಕೋಚ್ ಒಟ್ಟೊ ರೆಹಾಗಲ್ ಕೆಲಸ ಕಳೆದುಕೊಂಡರು. ಇದೇ ರೆಹಾಗಲ್ 1998ರಲ್ಲಿ, ಆಗಷ್ಟೇ ಎರಡನೇ ದರ್ಜೆಯಿಂದ ಮೇಲೆ ಬಂದಿದ್ದ ಕೈಸರ್ಸ್‌ಲಾಟರ್ನ್ ತಂಡವನ್ನು ನೇರವಾಗಿ ಚಾಂಪಿಯನ್ ಮಾಡಿದರು. ಬುಂಡೆಸ್‌ಲೀಗಾದಲ್ಲಿ ಹೊಸದಾಗಿ ಬಂದ ತಂಡ ಪಟ್ಟ ಗೆದ್ದದ್ದು ಅದೊಂದೇ ಸಲ.

ಎರಡನೇ ನಿಯಮವೂ ಕೆಲಸಕ್ಕೆ ಬಂದಿದೆ. 1999ರ ಕೊನೆಯ ದಿನ ನ್ಯೂರೆಂಬರ್ಗ್ 12ನೇ ಸ್ಥಾನದಲ್ಲಿ ನಿಶ್ಚಿಂತೆಯಾಗಿ ಮೈದಾನಕ್ಕಿಳಿಯಿತು, ಸಂಜೆ ಎರಡನೇ ದರ್ಜೆಗೆ ಬಿದ್ದಿತ್ತು. ನ್ಯೂರೆಂಬರ್ಗ್, ಫ್ರಾಂಕ್‌ಫರ್ಟ್ ಇಬ್ಬರದ್ದೂ 37 ಪಾಯಿಂಟ್, ಇಬ್ಬರದ್ದೂ ಗೋಲು ವ್ಯತ್ಯಾಸ ಮೈನಸ್ 10. ಫ್ರಾಂಕ್‌ಫರ್ಟ್ ಹೊಡೆದದ್ದು 44, ನ್ಯೂರೆಂಬರ್ಗ್ 40. ಕೊನೆಯ ದಿನದ ಒಂಬತ್ತೂ ಪಂದ್ಯಗಳನ್ನು ಒಂದೇ ಹೊತ್ತಿಗೆ ಶುರು ಮಾಡುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಪ್ರಶ್ನೆ: ಎಷ್ಟು ತಂಡ ಕೆಳಗಿಳಿಯುತ್ತವೆ?

ಉತ್ತರ: ಕೊನೆಯ ಎರಡು ನೇರವಾಗಿ. 16ನೇ ತಂಡ, ಎರಡನೇ ದರ್ಜೆಯಲ್ಲಿ ಮೂರನೆಯದಾಗಿ ಬಂದ ತಂಡದ ಜೊತೆ ಎರಡು ಪಂದ್ಯ ಆಡಬೇಕು. ಹ್ಯಾಂಬರ್ಗ್ 2014, 2015ರಲ್ಲಿ ಹೀಗೆ ಕೂದಲೆಳೆಯಲ್ಲಿ ಪಾರಾಯಿತು. 1963ರಿಂದ ಒಮ್ಮೆಯೂ ಇಳಿದಿರಲಿಲ್ಲ ಅನ್ನುವ ಹೆಮ್ಮೆಗೆ ಅವರು ಸ್ಟೇಡಿಯಂನಲ್ಲಿ ಸೆಕೆಂಡ್ ಲೆಕ್ಕದ ಗಡಿಯಾರ ಹಾಕಿಕೊಂಡಿದ್ದರು. 2018ರಲ್ಲಿ ಇಳಿದೇಬಿಟ್ಟರು. ವಾಪಸ್ ಬರಲು 2025 ಆಯಿತು.

ಪ್ರಶ್ನೆ: 2024ರಲ್ಲಿ ಮೈದಾನಕ್ಕೆ ಟೆನಿಸ್ ಚೆಂಡು ಎಸೆಯುತ್ತಿದ್ದರಲ್ಲ, ಅದೇನು ಗಲಾಟೆ?

ಉತ್ತರ: ಜರ್ಮನಿಯಲ್ಲಿ '50+1' ಅಂತ ನಿಯಮ ಇದೆ. ಕ್ಲಬ್‌ಗೆ ಎಷ್ಟೇ ದೊಡ್ಡ ಹೂಡಿಕೆದಾರ ಬಂದರೂ ಹೆಚ್ಚಿನ ಮತ ಅಭಿಮಾನಿಗಳೇ ಸದಸ್ಯರಾಗಿರುವ ಸಂಘದ ಕೈಯಲ್ಲೇ ಇರಬೇಕು. ಲೆವರ್‌ಕೂಸೆನ್, ವೋಲ್ಫ್ಸ್‌ಬರ್ಗ್‌ನಂಥ, ಕಂಪನಿಗಳ ಒಡೆತನದ ಕ್ಲಬ್‌ಗಳಿಗೆ ಮಾತ್ರ ವಿನಾಯಿತಿ. ಹಾಗಾಗಿ ಅಲ್ಲಿನ ಅಭಿಮಾನಿ ತನ್ನನ್ನು ಗಿರಾಕಿ ಅಂದುಕೊಳ್ಳುವುದಿಲ್ಲ, ಮನೆಯವನು ಅಂದುಕೊಳ್ಳುತ್ತಾನೆ. ಲೀಗ್ ತನ್ನ ಪ್ರಸಾರ ಆದಾಯದ ಒಂದು ಪಾಲನ್ನು ಹೊರಗಿನ ಹೂಡಿಕೆದಾರರಿಗೆ ಮಾರಲು ಹೊರಟಾಗ ಅವರು ಸಿಟ್ಟಾದರು. ಟೆನಿಸ್ ಚೆಂಡು, ಚಾಕೊಲೇಟ್ ನಾಣ್ಯ ತೂರಿದರು. ವಾರವಾರವೂ ಆಟ ನಿಲ್ಲುತ್ತಿತ್ತು, ಆಟಗಾರರು ಚೆಂಡು ಹೆಕ್ಕುತ್ತಿದ್ದರು. ಫೆಬ್ರವರಿ 21ರಂದು ಲೀಗ್ ಆ ಯೋಜನೆಯನ್ನೇ ಕೈಬಿಟ್ಟಿತು.